ಚೀಲವೇ ಇರಲಿ

ಅಯ್ಯನವರೇ, ನೀವು ಕೇಳಿದಿರಿ:
ಜನ ಸಭೆಗೆ ಯಾಕೆ ಕೊಡುತ್ತಾರೆ,
ಖಜಾಂಚಿ ನೀವು, ಒಂದು ಪುಟ ಬರೆದುಕೊಡಿ, ಕಮಿಟಿಗೆ ಬೇಕು.
ಕಾಗದನಗರದಲ್ಲಿ ಒಂದು ಪುಟಕ್ಕೆ ಬರವೇ?
ಆದರೆ ನಾನು ತೂಕದವನು. ಮಿಲ್ಲಿನ ಗೇಟಿನಲ್ಲಿ
ಬಿದಿರು ತುಂಬಿದ ಲಾರಿ ತೂಗಿ, ಖಾಲಿ ಲಾರಿ ತೂಗಿ,
ನಡುವಿನದನ್ನು ಬರೆದಿಟ್ಟವನು, ಇಪ್ಪತ್ತಾರು ವರ್ಷ.
ಯಾಕೆ ಎಂಬ ಕಾಲಂ ನನ್ನ ಪುಸ್ತಕದಲ್ಲಿ ಇರಲಿಲ್ಲ.

ಆರಾಧನೆ ಮುಗಿದ ಮೇಲೆ ಒಳಕೋಣೆಯ ಮೇಜಿಗೆ
ಚೀಲ ಸುರಿಯುತ್ತೇನೆ. ನೋಟು ಮಾತಾಡುವುದಿಲ್ಲ,
ಮಡಿಕೆ ಮಾತಾಡುತ್ತದೆ.
ಎಂಟು ಮಡಿಕೆಯ ಹತ್ತು, ಬಿಚ್ಚಿದರೆ ಎರಡು ಸಾಸಿವೆ ಕಾಳು:
ತಬಿತಮ್ಮನ ಅಡುಗೆಮನೆ ಡಬ್ಬಿಯಿಂದ ಬಂದದ್ದು,
ಮಗನ ಕಣ್ಣಿಗೆ ಬೀಳದ ಹಾಗೆ.
ನೂರ ಎಂಬತ್ತೇಳು ರೂಪಾಯಿ, ಮೇಲೊಂದು ರಬ್ಬರ್ ಬ್ಯಾಂಡು:
ಲೇತ್ ಸೊಲೊಮೋನಪ್ಪನ ದಶಮಾಂಶ,
ಪಿಂಚಣಿ ಸಾವಿರದ ಎಂಟುನೂರ ಎಪ್ಪತ್ತು.
ಕಬ್ಬಿಣದ ಕಾರ್ಖಾನೆಯಲ್ಲಿ ಕೂದಲೆಳೆ ತಪ್ಪಿದರೂ
ತುಂಡನ್ನು ಗುಜರಿಗೆಸೆದ ಕೈ ಅದು;
ದೇವರಿಗೆ ಹೆಚ್ಚೂ ಕೊಡದು, ಕಡಿಮೆಯೂ ಕೊಡದು.

ಕೊಡುವವರೆಲ್ಲ ಸಂತರಲ್ಲ, ಬರೆದುಕೊಳ್ಳಿ.
ಆನಂದರಾಜ ಮೂರು ಫ್ಯಾನು ಕೊಟ್ಟ, ರೆಕ್ಕೆರೆಕ್ಕೆಗೂ
ತಂದೆಯ ಹೆಸರು, ಕೆಂಪು ಬಣ್ಣದಲ್ಲಿ.
ತಿರುಗುವಾಗ ಓದಲಾಗದು. ಕರೆಂಟು ಹೋದಾಗ ಮಾತ್ರ
ಆ ಹಿರಿಯರು ನಮ್ಮ ತಲೆಯ ಮೇಲೆ ಬಂದು ನಿಲ್ಲುತ್ತಾರೆ.
ನಾವೆಲ್ಲ ಬೆವರುತ್ತ ಅವರನ್ನು ನೆನೆಯುತ್ತೇವೆ.

ಸುಗ್ಗಿ ಕಾಣಿಕೆಯ ಹರಾಜು ನೀವಿನ್ನೂ ನೋಡಿಲ್ಲ.
ಒಂದು ಸೈಟಿನ ಬೇಲಿಗಾಗಿ ಹನ್ನೊಂದು ವರ್ಷದಿಂದ
ಮಾತು ಬಿಟ್ಟ ಅಣ್ಣ ತಮ್ಮ, ಅಬ್ರಹಾಮ, ಜಯಶೀಲ.
ನಡುವೆ ಒಂದು ಸಿಹಿಗುಂಬಳ.
ಐನೂರು ಎನ್ನುತ್ತಾನೆ ಒಬ್ಬ.
ಐನೂರೈವತ್ತು ಎನ್ನುತ್ತಾನೆ ಇನ್ನೊಬ್ಬ.
ಆರುನೂರು. ಏಳುನೂರು.
ವರ್ಷಕ್ಕೆ ಅಷ್ಟೇ ಅವರ ಮಾತುಕತೆ.
ಗೆದ್ದವನು ಕುಂಬಳವನ್ನು ಮತ್ತೆ ಮೇಜಿಗೇ ಇಡುತ್ತಾನೆ,
ಇನ್ನೊಂದು ಸುತ್ತು ಆಗಲಿ ಎಂದು.

ಕೆಲವರು ಮುಂದೆ ಮಲಗುವ ಮೂರಡಿ ಮಣ್ಣಿಗೆ ಈಗಲೇ ಕೊಡುತ್ತಾರೆ.
ಹೆಸರಿಲ್ಲದ ಲಕೋಟೆ ಒಂದಿತ್ತು, ಒಳಗೆ ಸಾವಿರ, ಒಂದು ಚೀಟಿ:
"ಗಡ್ಡೆ ಬರೀ ಗಡ್ಡೆಯಂತೆ. ಸ್ತೋತ್ರ."
ಅಕ್ಷರ ಯಾರದೆಂದು ಗೊತ್ತು. ಹೇಳುವುದಿಲ್ಲ.

ಈಗ ಬಾಗಿಲ ಬಳಿ ಕ್ಯೂಆರ್ ಅಂಟಿಸೋಣ ಎಂದಿರಿ,
ಪಕ್ಕದಲ್ಲಿ ಆ ಪುಟ್ಟ ಪೆಟ್ಟಿಗೆ, ಬಂದ ಮೊತ್ತ ಕೂಗುವಂಥದ್ದು.
ಅಂಟಿಸಿ. ಪೆಟ್ಟಿಗೆಯ ಬಾಯಿ ಮಾತ್ರ ಮುಚ್ಚಿಸಿ.
ಚೀಲ ಇರಲಿ.

ಮಿಲ್ಲು ನಿಂತು, ಸಂಬಳ ನಿಂತು, ಏಳನೆಯ ತಿಂಗಳು.
ಆಚೆ ಸಾಲಿನಲ್ಲಿ ಹೆಂಡತಿ ಹಾಡುತ್ತಿದ್ದಳು.
ಚೀಲ ನನ್ನೆದುರಿಗೆ ಬಂತು.
ಮುಷ್ಟಿ ಕಟ್ಟಿ ಒಳಗಿಳಿಸಿದೆ.
ಮುಷ್ಟಿಯಲ್ಲಿ ಬೆವರು ಬಿಟ್ಟರೆ ಏನೂ ಇರಲಿಲ್ಲ.
ತಳದ ನಾಣ್ಯ ಬೆರಳಿಗೆ ತಣ್ಣಗೆ ತಾಗಿತು.
ಸುಳ್ಳು ಯಾಕೆ, ಒಂದು ಕ್ಷಣ
ಬಿಚ್ಚಲೋ, ಬಾಚಲೋ ಎಂದಿತು ಕೈ.

ಚೀಲ ಹಿಡಿದಿದ್ದವನು ಸೊಲೊಮೋನಪ್ಪ.
ಕೂದಲೆಳೆಯ ಲೆಕ್ಕದವನು, ತಿಳಿಯದೆ ಇರುತ್ತದೆಯೇ?
ಹಿಡಿಯನ್ನು ಚೂರು ಅಲುಗಿಸಿದ.
ಒಳಗೆ ಝಣ್ ಎಂದಿತು,
ನನ್ನ ಕೈಯಿಂದಲೇ ಬಿದ್ದ ಹಾಗೆ.
ಹಿಂದಿನ ಬೆಂಚಿಗೂ ಕೇಳಿಸಿತು.

ಈಗ ನಾನೂ ಹಾಕುತ್ತೇನೆ, ಎಷ್ಟು ಎಂದು ಬೇಡ.
ಕೆಲವು ಭಾನುವಾರ ಚೀಲ ಹಿಡಿಯುವ ಸರದಿ ನನ್ನದು.
ಕೆಲವು ಮುಷ್ಟಿ ಹಗುರ ಇರುತ್ತವೆ.
ಅಲುಗಿಸುತ್ತೇನೆ.

ಈ ವಾರದ್ದು: ನಾಲ್ಕು ಸಾವಿರದ ಮುನ್ನೂರ ಹದಿನೇಳು.
ತಬಿತಮ್ಮನ ಹತ್ತು ಅರ್ಧ ಹರಿದಿತ್ತು,
ಬ್ಯಾಂಕು ಒಲ್ಲೆನ್ನುತ್ತದೆ, ಬದಲಿಸಿದ್ದೇನೆ.
ಚೀಲದ ಅಸ್ತರು ಒಂದು ಕಡೆ ಬಿಟ್ಟಿದೆ,
ಪೇಟೆಗೆ ಹೋದರೆ ಕೆಂಪು ನೂಲಿನ ಉಂಡೆ ತನ್ನಿ.
ನಿಮ್ಮ ಪುಟ
ಮುಂದಿನ ವಾರ ಕೊಡುತ್ತೇನೆ.